ಸಿಡಿಮಾವನ ಐದು ಎಚ್‌ಪಿ ಮೋಟಾರು

ಹತ್ತು ಮಹಡಿಯ ಆ ಕಟ್ಟಡಕ್ಕೆ ನೀರೆತ್ತುವ ಪಂಪಿನ ಮೇಸ್ತ್ರಿಗೆ ಅಲ್ಲಿಯವರೆಲ್ಲ ಇಟ್ಟ ಹೆಸರು ಸಿಡಿಮಾವ. ಕೋಪವನ್ನು ಮೂಗಿನ ತುದಿಯಲ್ಲೇ ಕಟ್ಟಿಕೊಂಡು ಹುಟ್ಟಿದ ಮನುಷ್ಯ. ಎರಡು ದಿನ ಅಕ್ಕನ ಮನೆಗೆ ಹೋಗಿ ಮರಳಿ ಬಂದರೆ, ಗೇಟಿನಲ್ಲೇ ಕಟ್ಟಡದ ಸಂಘದ ಸೆಕ್ರೆಟರಿ ಅಡ್ಡ ನಿಂತಿದ್ದರು.

"ನಿನ್ನೆಯಿಂದ ಮೇಲಿನ ಟ್ಯಾಂಕಿಗೆ ಒಂದು ಹನಿ ಹತ್ತಿಲ್ಲ. ನೀವು ಹಾಕಿದ ಮೋಟಾರು ಸಣ್ಣದಾಯ್ತು. ಸಂಜೆ ಬೇರೆಯವರು ಬಂದು ಕಿತ್ತು ದೊಡ್ಡದು ಹಾಕ್ತಾರೆ. ಪಂಪ್‌ಮನೆ ಬೀಗದ ಕೈ ಅವರಿಗೇ ಕೊಟ್ಬಿಡಿ."

ಕೆಲಸ ಹೋದರೆ ಹಾಳಾಗಿ ಹೋಗಲಿ; ತನ್ನ ಲೆಕ್ಕ ತಪ್ಪು ಅಂದರೆ ಮಾವನಿಗೆ ಮೈಯೆಲ್ಲ ಉರಿ.

"ಸಣ್ಣದಾ? ಸೆಕೆಂಡಿಗೆ ಐದು ಲೀಟರು. ಪೈಪಿನ ತಿಕ್ಕಾಟ ಸೇರಿ ಮೂವತ್ತಾರು ಮೀಟರು ಎತ್ತರ. ಪಂಪು ತಾನೇ ನುಂಗೋ ಶಕ್ತಿ ಕೂಡಿಸಿದ್ರೂ ನಾಲ್ಕು ಎಚ್‌ಪಿ ಸಾಕು. ನಾನು ಐದು ಹಾಕಿದೀನಿ."

"ನೀರಿಗೆ ನಿಮ್ಮ ಲೆಕ್ಕ ಓದೋಕೆ ಬರಲ್ಲವಲ್ಲ ಮಾವ."

ಮಾವ ದಡದಡ ಪಂಪ್‌ಮನೆಗೆ ನುಗ್ಗಿದ. ಸೆಕ್ರೆಟರಿ ಹಿಂದೆಯೇ ಬಂದರು. ಮೋಟಾರು ಸಣ್ಣಗೆ ಗುಂಯ್‌ಗುಡುತ್ತಿತ್ತು. ಪಂಪಿನ ಮೇಲೆ ಕೈಯಿಟ್ಟರೆ ಚುರ್ರೆಂದಿತು. ಮೇಲೆ ಹೋಗಲಾರದ ನೀರು ಒಳಗೇ ಗಿರಗಿರ ತಿರುಗಿ ಕಾದಿತ್ತು. ಗೋಡೆಯ ಮೇಲೆ ಮೋಟಾರಿನ ವೇಗ ಏರಿಸಿ ಇಳಿಸುವ ಗುಂಡಿ ನೋಡಿದ. ಅರ್ಧಕ್ಕೆ ಬಂದು ಕೂತಿತ್ತು.

ಪಂಪ್‌ಮನೆಗೂ ಅವನ ಮನೆಗೂ ಒಂದೇ ಗೋಡೆ. ಮಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೆಂಡತಿ ಬಾಗಿಲಿಗೆ ಬಂದಳು.

"ಇದನ್ನ ಯಾರೇ ಮುಟ್ಟಿದ್ದು?"

"ನಾನೇ. ಮೆಲ್ಲಗೆ ಮಾತಾಡಿ. ಗೋಡೆ ಅದುರಿ ಕೂಸು ಬೆಚ್ಚಿಬೀಳ್ತಿತ್ತು. ಅರ್ಧ ವೇಗಕ್ಕೆ ಅರ್ಧ ನೀರಾದ್ರೂ ಹೋಗುತ್ತಲ್ಲ ಅಂತ ತಿರುಗಿಸಿದೆ."

"ಅರ್ಧ ಹೋಗುತ್ತಂತೆ ಅರ್ಧ. ವೇಗ ಅರ್ಧ ಆದ್ರೆ ಮೇಲಕ್ಕೆ ದೂಡೋ ಬಲ ಕಾಲು ಭಾಗ ಕಣೇ. ನೀರು ಮೂರನೇ ಮಹಡಿವರೆಗೆ ಹತ್ತಿ ಅಲ್ಲೇ ಕಾಲುಮುರಿದು ಕೂರುತ್ತೆ. ಕರೆಂಟು ಎಂಟರಲ್ಲೊಂದು ಪಾಲೇ ತಿನ್ನುತ್ತೆ, ಆದ್ರೆ ಕೆಲಸವೇ ಆಗ್ದಿದ್ರೆ ಆ ಪಾಲೂ ದಂಡ."

ಗುಂಡಿ ಮೇಲಕ್ಕೆ ತಿರುಗಿತು. ಒತ್ತಡದ ಮುಳ್ಳು ಏರಿತು. ಪೈಪು ಗಳಗಳ ಅಂದಿತು. ಪೂರ್ತಿಗಿಂತ ತುಸು ಕೆಳಗೆ, ನೀರು ಹತ್ತುವಷ್ಟು ಬಲವಿದ್ದ ಕಡೆ ಮಾವ ಕೈ ನಿಲ್ಲಿಸಿದ.

"ಮೋಟಾರು ಸರಿಯಿದೆ," ಸೆಕ್ರೆಟರಿಗೆ ಹಲ್ಲು ಕಚ್ಚಿಕೊಂಡು ಹೇಳಿದ. "ತಪ್ಪು ನಮ್ಮನೇದು. ಬೇರೆಯವರಿಗೆ ಬರಬೇಡಿ ಅನ್ನಿ."

ಅವರು ಫೋನ್ ಹಿಡಿದು ಹೊರಗೆ ಹೋದರು. ಮಾವ ಕೆಂಪು ಬಣ್ಣದ ಡಬ್ಬಿ, ಕುಂಚ ತೆಗೆದು, ಇದಕ್ಕಿಂತ ಕೆಳಗೆ ಇಳಿಸಬಾರದೆಂದು ಗುಂಡಿಯ ಪಕ್ಕ ಗೆರೆ ಎಳೆದ.

"ಈ ಗೆರೆ ಮೊದಲೇ ಎಳೆದಿದ್ರೆ ಕೈ ಸವೀತಿತ್ತಾ?" ಹೆಂಡತಿಯೂ ಈಗ ಸಿಡಿದಳು. "ಊರಿಗೆಲ್ಲ ಲೆಕ್ಕ ಒಪ್ಪಿಸ್ತೀರಿ. ಬೀಗದ ಕೈ ನನ್ನ ಕೈಗೆ ಹಾಕಿ ಹೋಗುವಾಗ ಒಂದು ಮಾತು ಹೇಳೋಕೆ ಬಾಯಿಗೇನಾಗಿತ್ತು?"

ಮಾವ ಕುಂಚವನ್ನು ಡಬ್ಬಿಗೆ ಕುಕ್ಕಿ, ಅದೇ ಗೆರೆಯ ಮೇಲೆ ಮತ್ತೊಮ್ಮೆ, ಇನ್ನೂ ದಪ್ಪಗೆ ಎಳೆದ.