ಗೋಡೆಯ ಮೇಲಿನ ನಾಲ್ಕನೆಯ ತಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲಗಳ ನಡುವೆ ಒಂಟಿಯಾಗಿ ನಿಂತ ಹಳೆಯ ಒಕ್ಕಲುಮನೆಯೊಳಗೆ ಕುಂಚ ಗೋಡೆಗೆ ತಾಗುವ ಸದ್ದೊಂದೇ ಕೇಳುತ್ತಿದೆ. ತಲೆಗೆ ಬಟ್ಟೆ ಬಿಗಿದುಕೊಂಡ ಸುಣ್ಣದಕ್ಕ ತೆಳ್ಳಗಿನ ಸುಣ್ಣವನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದಾರೆ. ಬಳಿದ ಜಾಗದಲ್ಲಿ ಏನೂ ಕಾಣುವುದಿಲ್ಲ. ಹಸಿ ಸುಣ್ಣ ನೀರಿನ ಹಾಗೆ. ಒಣಗುತ್ತಾ ಒಣಗುತ್ತಾ ಬೆಳ್ಳಗಾಗುವುದು ಅದರ ಗುಣ. ಬಿಸಿಲೇರಿದ ಮೇಲೆ ಬಳಿದರೆ ಬೇಗ ಒಣಗಿ ಹಿಟ್ಟಿನಂತೆ ಉದುರುತ್ತದೆ, ಅದಕ್ಕೇ ಇಷ್ಟು ಬೇಗ ಏಳುವುದು.

ಕುಂಚ ತೊಳೆದಿಟ್ಟು ಅವರು ಬಾಗಿಲ ಬಳಿ ನಿಂತು ಕಾಯುತ್ತಾರೆ. ಗೋಡೆ ನಿಧಾನವಾಗಿ ಬಿಳುಪೇರುತ್ತದೆ. ಬಿಳುಪೇರಿದಂತೆಲ್ಲ ಅದರೊಳಗಿಂದ ತಲೆಗಳು ಏಳುತ್ತವೆ. ಮೊದಲು ದೊಡ್ಡದೊಂದು, ಪಕ್ಕದಲ್ಲಿ ಕೊಂಚ ಚಿಕ್ಕದು, ಇವೆರಡರ ನಡುವೆ ತೀರಾ ಕೆಳಗೆ ಪುಟ್ಟದೊಂದು. ಮುಖವಿಲ್ಲ, ಕಣ್ಣಿಲ್ಲ. ಹಳದಿಗಟ್ಟಿದ ಮೂರು ದುಂಡನೆಯ ಕಲೆಗಳು.

“ಬಂದ್ರು ನೋಡಿ ಮನೆಯವರು” ಎನ್ನುತ್ತಾರೆ ಸುಣ್ಣದಕ್ಕ, ನೆಂಟರನ್ನು ಪರಿಚಯ ಮಾಡಿಕೊಡುವ ಧಾಟಿಯಲ್ಲಿ. ಕಿಟಕಿಯ ಪಕ್ಕದಲ್ಲಿ ಮೂಡುತ್ತಿರುವ ನಾಲ್ಕನೆಯದರ ಕಡೆಗೆ ಮಾತ್ರ ಅವರು ತಕ್ಷಣ ತಿರುಗುವುದಿಲ್ಲ.

ಒಂದೇ ಸೂರಿನಡಿ ಒಂದು ತುದಿಗೆ ಮನೆ, ಇನ್ನೊಂದು ತುದಿಗೆ ಕೊಟ್ಟಿಗೆ, ನಡುವೆ ಕಣಜ. ದನ ಕೆಮ್ಮಿದರೂ ಯಜಮಾನನಿಗೆ ಹಾಸಿಗೆಯಲ್ಲೇ ಕೇಳಿಸಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ ಮನೆ ಇದು. ಕಲ್ಲು ಮಣ್ಣಿನ ಗೋಡೆಗಳು ಮೊಳಕ್ಕೂ ಹೆಚ್ಚು ದಪ್ಪ, ಮೇಲಿನ ಅಟ್ಟದ ಭಾರವೆಲ್ಲ ತಲೆಗಳಿರುವ ಈ ಗೋಡೆಯ ಮೇಲೆ. ಕಟ್ಟಿದವರ ವಂಶ ಮುಗಿದು, ಹಳೆಯ ಕಟ್ಟಡಗಳನ್ನು ಕಾಪಾಡುವ ಕಚೇರಿಯ ಕೈಗೆ ಮನೆ ಬಂತು. ಕಚೇರಿ ಕಾಪಾಡಲು ಮಾಡಿದ ಮೊದಲ ಕೆಲಸವೆಂದರೆ ‘ಸಂರಕ್ಷಿತ’ ಎಂಬ ಫಲಕವನ್ನು ಮುಂಗೋಡೆಗೆ ಮೊಳೆ ಹೊಡೆದು ತಗುಲಿಹಾಕಿದ್ದು. ಗೋಡೆಗೆ ಮೊದಲ ಬಿರುಕು ಬಿದ್ದದ್ದೂ ಆ ಮೊಳೆಯಿಂದಲೇ. ಅದನ್ನು ಮುಚ್ಚಲು ಸುಣ್ಣದ ಕೆಲಸ ಬಲ್ಲ ಹೆಂಗಸೊಬ್ಬರನ್ನು ಕರೆಸಿದರು. ಅವರ ಹಿಂದೆ ಡಬ್ಬ ಹೊತ್ತು ಬಂದ ಸೊಸೆಯೇ ಇವತ್ತಿನ ಸುಣ್ಣದಕ್ಕ.

ಅತ್ತೆ ಹೋಗಿ ಎಷ್ಟೋ ವರ್ಷವಾದರೂ ಅವರ ಪಾಠ ಸೊಸೆಯ ಬಾಯಲ್ಲಿ ಹಾಗೇ ಇದೆ. “ಈ ಗೋಡೆ ಉಸಿರಾಡ್ಬೇಕು. ಸಿಮೆಂಟ್ ಮೆತ್ತಿದ್ರೆ ಮೇಲೆ ನುಣ್ಣಗೆ ಕಾಣತ್ತೆ, ಒಳಗೆ ನೀರು ನಿಂತು ಕೊಳೆಯತ್ತೆ. ಮನುಷ್ಯರ ಥರಾನೇ.” ಕಲ್ಲುಸುಣ್ಣವನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ, ಅದನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಬೆಣ್ಣೆಯ ಹದಕ್ಕೆ ತರಬೇಕು. ಸುಣ್ಣದಕ್ಕನ ಬೆರಳ ಸಂದಿಗಳೆಲ್ಲ ಬಿರಿದಿವೆ. ಸುಣ್ಣ ಕೂದಲನ್ನೂ ತಿನ್ನುವುದರಿಂದ ದಿನವೂ ತಲೆಗೆ ಎಣ್ಣೆ ಸುರಿದುಕೊಂಡು ಮೇಲೆ ಬಟ್ಟೆ ಕಟ್ಟುತ್ತಾರೆ. “ಇವಳ ತಲೆಗೆ ಹೋದ ಎಣ್ಣೇಲಿ ಊರಿಗೆಲ್ಲ ದೀಪ ಹಚ್ಚಬಹುದಿತ್ತು” ಎಂದು ಗಂಡ ಕಾಲೆಳೆಯುತ್ತಾರೆ.

ಗೋಡೆಯ ಮೇಲಿನ ತಲೆಗಳಲ್ಲಿರುವುದೂ ಎಣ್ಣೆಯೇ. ಹಿಂದಿನ ಯಜಮಾನ ಮತ್ತು ಅವನ ಹೆಂಡತಿ ದುಡಿದು ಬಂದು, ಸಂಜೆ ನೆಲದ ಮೇಲೆ ಕೂತು ಈ ಗೋಡೆಗೆ ಒರಗುತ್ತಿದ್ದರು. ತಲೆಯೆಣ್ಣೆ ಗಾರೆಗೆ ಇಳಿದು ಎಷ್ಟು ಬಳಿದರೂ ಮೇಲೇಳುತ್ತದೆ. ನಡುವೆ ಕೂರುತ್ತಿದ್ದುದು ಅವರ ಮಗು. ಮಗು ಬೆಳೆದಂತೆ ಕಲೆಯೂ ಮೇಲಕ್ಕೆ ಹೋಗಬೇಕಿತ್ತು. ಹೋಗಿಲ್ಲ. ಅದನ್ನು ಹೇಳುವಾಗ ಸುಣ್ಣದಕ್ಕನ ದನಿ ತಗ್ಗುತ್ತದೆ. “ಅಲ್ಲಿ ಕುಂಚ ಮೆತ್ತಗೆ ಆಡಿಸ್ತೀನಿ. ಯಾಕೆ ಅಂತ ಕೇಳ್ಬೇಡಿ.”

ಕಚೇರಿಗೂ ಈ ಮೂರು ಕಲೆಗಳು ಮನೆಯ ಆಸ್ತಿಯೇ. ಅದಕ್ಕೇ ಬಾಗಿಲಲ್ಲಿ ‘ಗೋಡೆಗೆ ಒರಗಬೇಡಿ’ ಎಂಬ ಫಲಕವಿದೆ. ಹಳೆಯ ಗೂಟಕ್ಕೆ ಅಂಗಿ ತೂಗುಹಾಕಿದ ತಪ್ಪಿಗೆ ಹಿಂದಿನ ಕಾವಲುಗಾರನನ್ನು ಮನೆಗೆ ಕಳಿಸಿದ್ದೂ ಉಂಟು. ನೋಡಲು ಬಂದವರು ಭುಜ ತಾಗಿಸಿದರೂ ಸಾಕು, ಸುಣ್ಣದಕ್ಕ ಗದರಿಬಿಡುತ್ತಾರೆ.

ಇಂಥ ಮನೆಯಲ್ಲಿ ಈ ವರ್ಷ ಮೊದಲ ಸಲದ ಸುಣ್ಣ ಒಣಗುವಾಗ ಕಿಟಕಿಯ ಪಕ್ಕದಲ್ಲಿ ನಾಲ್ಕನೆಯ ತಲೆ ಮೂಡಿತು. ಜೊತೆಗೆ ಕೆಲಸ ಮಾಡುವ ತಂಗಿ ಅದನ್ನು ಮೊದಲು ಕಂಡಳು. ಎತ್ತರವೇ ವಿಚಿತ್ರವಾಗಿತ್ತು: ನೆಲದ ಮೇಲೆ ಕೂತವರ ತಲೆಗಿಂತ ಮೇಲೆ, ನಿಂತವರ ತಲೆಗಿಂತ ಎಷ್ಟೋ ಕೆಳಗೆ. ಅಂಥ ಎತ್ತರದಲ್ಲಿ ಯಾರ ತಲೆಯೂ ಇರಲು ಸಾಧ್ಯವಿರಲಿಲ್ಲ.

“ಅಕ್ಕ, ಕೂತೋರು ಏಳ್ತಾ ಇದ್ದಾರೆ” ಎಂದಳು ತಂಗಿ. ಕುಂಚವನ್ನು ಅಲ್ಲೇ ಬಿಟ್ಟು ಹೊರಗೆ ನಡೆದವಳು ಮತ್ತೆ ಹೊಸಿಲು ದಾಟಲಿಲ್ಲ. ಸುಣ್ಣದಕ್ಕನಿಗೆ ಆ ಮನೆಯಲ್ಲಿ ಮೊದಲ ಸಲ ಹೆದರಿಕೆಯಾಯಿತು. ಮೂವರ ಜೊತೆ ಇಷ್ಟು ಕಾಲ ನಿಶ್ಚಿಂತೆಯಿಂದ ಕೆಲಸ ಮಾಡಿದವರಿಗೆ, ಈಗ ಬೆನ್ನು ತಿರುಗಿಸಿದರೆ ಯಾರೋ ಮಗ್ಗುಲು ಬದಲಿಸಿದ ಹಾಗೆ ಅನ್ನಿಸತೊಡಗಿತು.

ಕಚೇರಿಯ ಮೇಡಂ ಬಂದು ನೋಡಿದರು. ಅವರು ದೆವ್ವ ನಂಬುವವರಲ್ಲ, ಆದರೆ ಅವರ ಮಾತು ದೆವ್ವಕ್ಕಿಂತ ಭಯ ಹುಟ್ಟಿಸಿತು. ಅಲ್ಲಿ ಯಾರೂ ಒರಗಿಲ್ಲ ಎಂದಾದರೆ ಕಲೆ ಗೋಡೆಯ ಒಳಗಿಂದ ಬಂದಿರಬೇಕು. ಒಳಗೆ ನೀರು ಇಳಿದಿರಬೇಕು. ನೀರು ಕುಡಿದ ಮಣ್ಣಿನ ಗೋಡೆ ಅಟ್ಟದ ಭಾರ ತಡೆಯುವುದಿಲ್ಲ. ಗೋಡೆ ಒಡೆದು ಹೊಸದಾಗಿ ಕಟ್ಟಲೇಬೇಕು. “ಆ ಮೂರೂ ಹೋಗತ್ತೆ ಅಕ್ಕ. ನಂಗೂ ಬೇಜಾರೇ. ಆದ್ರೆ ಅಟ್ಟ ಜನರ ಮೇಲೆ ಬಿದ್ರೆ?” ಎಂದರು.

ಮರುದಿನ ಬೆಳಿಗ್ಗೆ ಒಡೆಯುವವರಿಗಿಂತ ಮೊದಲೇ ಸುಣ್ಣದಕ್ಕ ಒಬ್ಬರೇ ಬಂದರು. ಮೂವರನ್ನೂ ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂಬ ಆಸೆ. ನಿಂತು ನಿಂತು ಕಾಲು ಸೋತಾಗ ಡಬ್ಬವನ್ನು ಬೋರಲು ಹಾಕಿಕೊಂಡು ಕೂತರು. ಚಿಂತೆಯಲ್ಲಿ ಎಲ್ಲಿ ಕೂತೆ ಎಂಬ ಪರಿವೆಯಿಲ್ಲ. ಕಾಲು ತಾನಾಗಿಯೇ ಗಾಳಿ ಬರುವ ಕಿಟಕಿಯ ಪಕ್ಕಕ್ಕೆ ಒಯ್ದಿತ್ತು. ದಿನವೂ ಮಧ್ಯಾಹ್ನ ಬುತ್ತಿ ಮುಗಿಸಿದ ಮೇಲೆ ಮಾಡುವಂತೆ ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಚೆಲ್ಲಿದರು. ಗೋಡೆ ಆ ತಲೆಯನ್ನು ಗುರುತು ಹಿಡಿದಂತೆ ತಣ್ಣಗೆ ತನ್ನೊಳಗೆ ಕೂರಿಸಿಕೊಂಡಿತು.

ತಟ್ಟನೆ ಎದ್ದು ತಿರುಗಿ ನೋಡಿದರು. ತಲೆಯಿಟ್ಟ ಜಾಗದಲ್ಲೇ ನಾಲ್ಕನೆಯ ಕಲೆಯಿತ್ತು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರಲ್ಲ, ಹಾಗಾಗಿತ್ತು. ತಲೆಬಟ್ಟೆಯನ್ನೂ ದಾಟಿ ಗೋಡೆಗೆ ಇಳಿದದ್ದು ತನ್ನದೇ ತಲೆಯೆಣ್ಣೆ. ಸತ್ತವರ ಸಾಲಿನಲ್ಲಿ ಬದುಕಿರುವ ತಾನೊಬ್ಬಳು ಯಾವಾಗ ಬಂದು ಕೂತೆ ಎಂಬುದು ಅವರಿಗೇ ತಿಳಿದಿರಲಿಲ್ಲ.

ಅಷ್ಟರಲ್ಲಿ ಹಾರೆ ಹಿಡಿದ ಇಬ್ಬರೊಂದಿಗೆ ಮೇಡಂ ಬಂದರು. ಸುಮ್ಮನಿದ್ದರೆ ಗೋಡೆ ಹೋಗುತ್ತದೆ, ಬಾಯಿ ಬಿಟ್ಟರೆ ಕೆಲಸ ಹೋಗಬಹುದು. ಗೂಟಕ್ಕೆ ಅಂಗಿ ಹಾಕಿದವನ ಗತಿ ಕಣ್ಣ ಮುಂದೆಯೇ ಇತ್ತು. ಸುಣ್ಣದಕ್ಕ ಮತ್ತೆ ಡಬ್ಬದ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಂತೆ ತಲೆಯನ್ನು ಕಲೆಗೆ ಆನಿಸಿದರು. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಹಾರೆಯವರು ಒಂದು ಹೆಜ್ಜೆ ಹಿಂದೆ ಸರಿದರು.

“ಇದು ನೀರಲ್ಲಮ್ಮ, ನಾನು” ಎಂದರು.

ಮೇಡಂ ಹತ್ತಿರ ಬಂದು ಕಲೆಯನ್ನೂ ಬಾಗಿಲ ಫಲಕವನ್ನೂ ಒಮ್ಮೆ ನೋಡಿದರು. ಕೊನೆಗೆ, “ಒರಗಬೇಡಿ ಅಂತ ಬೋರ್ಡ್ ಹಾಕಿರೋದು ನಿಮಗೂ ಸೇರಿಸೇ ಅಕ್ಕ” ಎಂದರು.

“ಗೊತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಂಗಾಯ್ತು ನನ್ ಕಥೆ. ಕೆಲಸ ಬಿಡು ಅಂದ್ರೆ ಬಿಡ್ತೀನಿ. ಗೋಡೆ ಒಡೀಬೇಡಿ.”

ಮೇಡಂ ಹಾರೆಯವರನ್ನು ವಾಪಸ್ ಕಳಿಸಿದರು. ಸುಣ್ಣದಕ್ಕನನ್ನು ಕಳಿಸಲಿಲ್ಲ, ಇನ್ನು ಮುಂದೆ ಜಗಲಿಯಲ್ಲಿ ಕೂತು ಸುಧಾರಿಸಿಕೊಳ್ಳಿ ಎಂದಷ್ಟೇ ಅಪ್ಪಣೆಯಾಯಿತು. ಹೊಸ ಕಲೆ ಇರಲೋ ಬೇಡವೋ ಎಂಬುದನ್ನು ಅವರ ಇಷ್ಟಕ್ಕೇ ಬಿಟ್ಟರು. ಜೇಡಿಮಣ್ಣು ಮೆತ್ತಿ ಎಣ್ಣೆ ಹೀರಿಸುವ ಉಪಾಯ ಸುಣ್ಣದಕ್ಕನಿಗೆ ಗೊತ್ತು. ಇವತ್ತಿನದು ಈ ವರ್ಷದ ಎರಡನೆಯ ಸಲದ ಸುಣ್ಣ. ಅದಕ್ಕೆ ಮೊದಲು ಕಲೆ ತೆಗೆದುಬಿಡು ಎಂದು ತಂಗಿ ಅತ್ತು ಕರೆದು ಕೇಳಿಕೊಂಡಿದ್ದಳು. ಈಗಲೂ ಅಂಗಳದಲ್ಲೇ ನಿಂತು, ಬಾಗಿಲ ಒಳಗೆ ಕಾಲಿಡದೆ ಹೇಳುತ್ತಾಳೆ: “ಬದುಕಿರೋಳ ತಲೆ ಸತ್ತೋರ ಸಾಲಲ್ಲಿ ಇರಬಾರದು ಅಕ್ಕ.”

“ಸತ್ತೋರ ಸಾಲು ಅಂತ ಯಾಕಂತೀಯೆ? ಈ ಮನೇಲಿ ದುಡಿದು ಸುಸ್ತಾಗಿ ಕೂತೋರ ಸಾಲು ಅದು” ಎನ್ನುತ್ತಾರೆ ಸುಣ್ಣದಕ್ಕ. ಆದರೂ ತಂಗಿ ಒಳಗೆ ಬರುವುದಿಲ್ಲ.

ಗೋಡೆ ಈಗ ಪೂರ್ತಿ ಒಣಗಿದೆ. ನಾಲ್ಕೂ ತಲೆಗಳು ಸ್ಪಷ್ಟವಾಗಿವೆ. ಸುಣ್ಣದಕ್ಕ ಕೊನೆಗೂ ಕಿಟಕಿಯ ಪಕ್ಕಕ್ಕೆ ತಿರುಗಿ, ಕನ್ನಡಿ ನೋಡುವವರ ಹಾಗೆ ಒಂದು ಕ್ಷಣ ನಿಲ್ಲುತ್ತಾರೆ. ಭಯ ಪೂರ್ತಿ ಹೋಗಿದೆಯೇ ಎಂದರೆ ಇಲ್ಲ ಎನ್ನುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ ಮೇಡಂಗೆ ಹೇಳಿಟ್ಟಿರುವ ಒಂದೇ ಮಾತನ್ನು ಮತ್ತೆ ಹೇಳುತ್ತಾರೆ.

“ನಾನು ಹೋದ್ಮೇಲೂ ಇದು ಎದ್ದು ಬರತ್ತೆ. ಆವಾಗ ಸುಣ್ಣ ಬಳಿಯೋಕೆ ಬರೋಳು ಪಾಪ, ಒಬ್ಬಳೇ ಇರ್ತಾಳೆ, ಹೆದರ್ಕೋಬಾರದು. ಹೇಳಿ ಅವಳಿಗೆ. ಗೋಡೆ ಗಟ್ಟಿಯಾಗೇ ಇದೆ, ಇಲ್ಲಿ ಒಬ್ಬಳು ಕೂತಿದ್ಲು ಅಷ್ಟೇ ಅಂತ.”