ಐಸ್ ಮನೆಯ ಮೊದಲಕ್ಕ

ಭಾನುವಾರ ಮಧ್ಯಾಹ್ನ ಐಸ್ ಮನೆಯ ಬಾಗಿಲು ತೆರೆದಾಗ ಒಳಗೆ ಇರುತ್ತಿದ್ದವರು ಮೂರೇ ಜನ: ನೆಲ ಒರೆಸುವವನು, ಬಾರಿನಲ್ಲಿ ಲೋಟ ಜೋಡಿಸುವವನು, ಮತ್ತು ಮೊದಲಕ್ಕ. ಹಿಂದೊಮ್ಮೆ ಅದು ನಿಜವಾಗಿಯೂ ಮಂಜುಗಡ್ಡೆ ತಯಾರಿಸುವ ಕಾರ್ಖಾನೆಯಾಗಿತ್ತು. ಗೋಡೆಗಳು ತೋಳಿನುದ್ದದಷ್ಟು ದಪ್ಪ. ಒಳಗೆ ಆಕಾಶ ಕಳಚಿ ಬಿದ್ದರೂ ಪಕ್ಕದ ಮನೆಯ ಮಗು ಎದ್ದು ಅಳುವುದಿಲ್ಲ ಎಂದು ಲೆಕ್ಕ ಹಾಕಿಯೇ ಮಾಲೀಕ ಅಲ್ಲಿ ಕುಣಿತದ ಕ್ಲಬ್ಬು ಮಾಡಿದ್ದ. ಆದರೂ ರಾತ್ರಿ ಹೊತ್ತು ಗದ್ದಲ ಕೂಡದು ಎಂದು ಬೀದಿಯವರು ಹಟ ಹಿಡಿದದ್ದರಿಂದ ಅಲ್ಲಿನ ಆಟ ಹಗಲಿನಲ್ಲೇ ಶುರುವಾಗಿ ರಾತ್ರಿಯೂಟದ ಹೊತ್ತಿಗೆ ಮುಗಿಯುತ್ತಿತ್ತು. ಚಾವಣಿಯ ಗಾಜಿನಿಂದ ಇಳಿದ ಬಿಸಿಲಿನಲ್ಲಿ ಜನ ಕುಣಿಯುತ್ತಿದ್ದರು.

ಮೊದಲಕ್ಕ ಎಂಬುದು ಅವಳ ಹೆಸರಲ್ಲ. ಪ್ರತಿ ಭಾನುವಾರ ಮೊದಲು ಹಾಡು ಹಾಕುವ ಡಿಜೆ ಅವಳೇ ಆಗಿದ್ದರಿಂದ ಯಾರೋ ತಮಾಷೆಗೆ ಹಾಗೆ ಕರೆದರು, ಅದು ಅಂಟಿಕೊಂಡಿತು. ಅಲ್ಲಿ ಕುಣಿತಕ್ಕೆ ಹಾಕುವ ಹೌಸ್ ಎಂಬ ಸಂಗೀತದಲ್ಲಿ ತಾಳ ಎದೆಬಡಿತದ ಹಾಗೆ ನಿಲ್ಲದೆ ನಡೆಯಬೇಕು. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಹೊಲಿಗೆ ಕಾಣದಂತೆ ಸೇರಿಸಬೇಕು. ಅದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಆದರೆ ಮೊದಲು ಹಾಕುವವರಿಗೆ ಇನ್ನೊಂದು ಕಟ್ಟುಪಾಡು ಉಂಟು. ಖಾಲಿ ಹಾಲನ್ನು ಮೆಲ್ಲಗೆ ಬೆಚ್ಚಗೆ ಮಾಡಿ, ಜನ ಒಬ್ಬೊಬ್ಬರಾಗಿ ನಡುವಿಗೆ ಬರುವ ಹಾಗೆ ಮಾಡಿ, ಇನ್ನೇನು ಕಾವು ಏರಬೇಕು ಎನ್ನುವಾಗ ಬದಿಗೆ ಸರಿದು ಮುಖ್ಯ ಡಿಜೆಗೆ ಜಾಗ ಬಿಡಬೇಕು. "ಹಾಲು ಕಾಯಿಸೋದಷ್ಟೇ ನನ್ನ ಕೆಲಸ, ಉಕ್ಕಿಸೋದು ಬೇರೆಯವರದು" ಎಂದು ಅವಳೇ ನಗುತ್ತಿದ್ದಳು. ಎಷ್ಟೋ ವರ್ಷ ಹಾಗೆ ಕಾಯಿಸಿದಳು. ಹೊರಗಿನಿಂದ ಯಾರ್ಯಾರೋ ಬಂದು ಉಕ್ಕಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಹೋದರು. ಹಿತ್ತಲ ಗಿಡ ಮದ್ದಲ್ಲವಲ್ಲ. ಒಂದು ಭಾನುವಾರ ತನಗೂ ಮುಖ್ಯ ಆಟ ಕೊಡಿ ಎಂದು ಅವಳು ಕೇಳಲಿಲ್ಲ. ಕೇಳದೆ ಕೊಡುವ ಬುದ್ಧಿ ಮಾಲೀಕನಿಗೂ ಬರಲಿಲ್ಲ.

ವಾರದ ಉಳಿದ ದಿನಗಳಲ್ಲಿ ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೂರುತ್ತಿದ್ದಳು. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರು ಹುಯ್ದು, ಮೇಣದ ಒಸಡಿನಲ್ಲಿ ಹಲ್ಲು ಒಂದೊಂದಾಗಿ ನಿಲ್ಲಿಸಿ, ಕೊನೆಗೆ ತಿರುಗುವ ಬ್ರಷ್ಷಿಗೆ ಹಿಡಿದು ಹೊಳಪು ಕೊಡುವ ಕೆಲಸ. ಸಂಜೆ ಮನೆಗೆ ಬರುವಾಗ ಹುಬ್ಬಿನ ಮೇಲೆ ಬಿಳಿ ಪುಡಿ. ಮದುವೆ ಆಗಿರಲಿಲ್ಲ. ಅಕ್ಕನ ಮನೆಯ ಮಹಡಿಯ ಮೇಲೆ ಒಂದು ಕೋಣೆ, ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್ಲು, ಗೋಡೆ ತುಂಬ ರೆಕಾರ್ಡುಗಳು. ಗಂಡ ತೀರಿಹೋದ ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದು ಮಂಡಿ ಕಳೆದುಕೊಂಡಿದ್ದಳು; ಮೆಟ್ಟಿಲು ಹತ್ತಲಾರದೆ ಕೆಳಗಿನಿಂದಲೇ ಕೂಗುತ್ತಿದ್ದಳು. ಹತ್ತಿ ಇಳಿದು ಮಾಡುತ್ತಿದ್ದವಳು ಅಕ್ಕನ ಮಗಳು ಪುಟ್ಟಿ.

ಪುಟ್ಟಿಗೆ ಅಕ್ಷರಕ್ಕಿಂತ ಮೊದಲು ತಾಳ ಹತ್ತಿತು ಎಂದರೆ ಸುಳ್ಳಲ್ಲ. ಚಿಕ್ಕಮ್ಮ ಅವಳ ಕೈಮೇಲೆ ಕೈಯಿಟ್ಟು, ರೆಕಾರ್ಡನ್ನು ಬೆರಳ ತುದಿಯಿಂದ ತಡೆದು ಬಿಡುವುದನ್ನು ಕಲಿಸಿದ್ದಳು. ಹುಡುಗಿ ಬೆಳೆದಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಬಿಡುವಿನಲ್ಲಿ ಲ್ಯಾಪ್‌ಟಾಪಿನಲ್ಲಿ ತನ್ನದೇ ಹಾಡು ಕಟ್ಟತೊಡಗಿದಳು. ಕಿಡಿ ಎಂದು ಹೆಸರಿಟ್ಟುಕೊಂಡಳು. ಅವಳು ಕಟ್ಟಿದ ಒಂದು ಹಾಡು ಫೋನಿನಿಂದ ಫೋನಿಗೆ ಹಾರಿ, ಕಾಣದ ಊರುಗಳಲ್ಲೂ ಜನ ಅದಕ್ಕೆ ಕುಣಿದರು. ಒಂದು ದಿನ ಮಾಲೀಕನೇ ಲ್ಯಾಬಿಗೆ ಬಂದ.

"ಅಕ್ಕ, ಬರೋ ಭಾನುವಾರ ಮುಖ್ಯ ಆಟ ನಿಮ್ಮ ಹುಡುಗಿದು. ದೊಡ್ಡ ಕ್ಲಬ್ಬಿನವರೊಬ್ಬರು ಅವಳನ್ನ ನೋಡೋಕೆ ಅಂತಾನೇ ಬರ್ತಿದ್ದಾರೆ. ಮೊದಲು ನೀವು ಹಾಕಿದ್ರೆ ಅವಳಿಗೂ ಧೈರ್ಯ."

"ಇನ್ಯಾರು ಹಾಕ್ತಾರೆ? ನಾನೇ" ಎಂದಳು ಮೊದಲಕ್ಕ. ನಕ್ಕಳು ಕೂಡ. ಅವನು ಹೋದ ಮೇಲೆ ಕೈಯಲ್ಲಿದ್ದ ಮೇಣದ ತುಂಡು ಹಿಂಡಿ ಹಿಂಡಿ ಬೆರಳಚ್ಚು ಮೂಡಿದ್ದು ಕಂಡಿತು. ಸಂತೋಷವಾಗಿರಲಿಲ್ಲ ಎಂದಲ್ಲ, ಆಗಿತ್ತು. ಆದರೆ ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಅನ್ನುತ್ತಾರಲ್ಲ, ಆ ಆಸೆ ತನ್ನೊಳಗೆ ಇನ್ನೂ ಇತ್ತೆಂಬುದು ಅವಳಿಗೇ ಹೊಸ ಸುದ್ದಿ.

ಭಾನುವಾರ ಬೆಳಿಗ್ಗೆ ಪುಟ್ಟಿ ಒದ್ದೆ ಕೂದಲಲ್ಲೇ ಮೇಲೆ ಬಂದು ಕಪಾಟಿನಿಂದ ಒಂದು ರೆಕಾರ್ಡು ಎಳೆದಳು. ನೀಲಿ ಲೇಬಲ್ಲಿನದು. ಅದರಲ್ಲಿ ಒಬ್ಬ ಹೆಂಗಸು ಮಾತೇ ಇಲ್ಲದೆ ಬರೀ ದನಿಯಲ್ಲಿ ಹಾಡುತ್ತಾಳೆ. ಅಂಗಡಿಗಳಲ್ಲಿ ಹುಡುಕಿದರೂ ಸಿಗದ ರೆಕಾರ್ಡು.

"ನಾನು ಇದರಿಂದ ಶುರು ಮಾಡ್ತೀನಿ ಚಿಕ್ಕಮ್ಮ. ಪೆನ್‌ಡ್ರೈವ್‌ನಿಂದ ಬೇಡ, ಇದೇ ರೆಕಾರ್ಡು. ಇದು ನಿನ್ನದು ಅಂತ ಹಳಬರಿಗೆಲ್ಲ ಗೊತ್ತಲ್ಲ. ಕಲಿಸಿದ್ದು ಯಾರು ಅಂತ ಗೊತ್ತಾಗ್ಲಿ."

"ಸರಿ. ನಿನ್ನ ಸರದಿ ಬರೋ ತನಕ ನನ್ನ ಪೆಟ್ಟಿಗೇಲೇ ಇರ್ಲಿ."

ಆ ಮಧ್ಯಾಹ್ನ ಮೊದಲಕ್ಕ ಎಂದಿನಂತೆ ಮೆಲ್ಲಗೇ ಶುರು ಮಾಡಿದಳು. ಆದರೆ ಕಿಡಿಯ ಹೆಸರು ಕೇಳಿದ್ದ ಜನ ಜಾಗ ಸಿಗಲಿಕ್ಕಿಲ್ಲವೆಂದು ಬೇಗನೇ ಬಂದುಬಿಟ್ಟರು. ಮೂರನೆಯ ಹಾಡಿಗೆ ಹಾಲು ಅರ್ಧ ತುಂಬಿತು, ಐದನೆಯದಕ್ಕೆ ಕಾಲಿಡಲು ಜಾಗವಿಲ್ಲ. ಇಷ್ಟು ವರ್ಷ ಅವಳು ನೋಡಿದ್ದು ಬರೀ ನೆಲ. ಈಗ ಎದುರಿಗೆ ಮುಖಗಳು, ಎಲ್ಲವೂ ಅವಳ ಕಡೆಗೇ ತಿರುಗಿದವು. ಅವಳು ಎದೆಗೆ ಬಡಿಯುವ ಬೇಸ್ ದನಿಯನ್ನು ಒಂದಿಷ್ಟು ತಗ್ಗಿಸಿ, ತಡೆದು, ಮತ್ತೆ ಬಿಟ್ಟಳು. ಇಡೀ ಹಾಲು ಒಂದೇ ಮೈಯಂತೆ ಎದ್ದು ಬಿತ್ತು. ಅವಳ ಕಿವಿಯ ಹಿಂದೆ ಬೆವರು ಇಳಿಯಿತು. ವೇಗ ಒಂಚೂರು ಏರಿಸಿದಳು. ಆಮೇಲೆ ಇನ್ನೊಂಚೂರು. ಮುಖ್ಯ ಡಿಜೆಗಳು ಮಾತ್ರ ಹಾಕುವಂಥ ಭಾರಿ ರೆಕಾರ್ಡುಗಳು ಪೆಟ್ಟಿಗೆಯ ತಳದಲ್ಲಿ ಎಷ್ಟೋ ಕಾಲದಿಂದ ಕೂತಿದ್ದವು. ಒಂದೊಂದಾಗಿ ಮೇಲೆ ಬಂದವು.

ಪುಟ್ಟಿ ಪಕ್ಕಕ್ಕೆ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು. ಹುಡುಗಿ ಮೊದಲು ಕುಣಿದಳು, ನಕ್ಕಳು. ಆಮೇಲೆ ನಗು ನಿಂತಿತು. ಅವಳು ಚಿಕ್ಕಮ್ಮನ ಭುಜ ಮುಟ್ಟಿ ಕಿವಿಯ ಹತ್ತಿರ ಬಗ್ಗಿದಳು.

"ಚಿಕ್ಕಮ್ಮ, ಸ್ವಲ್ಪ ಇಳಿಸು. ನನಗೆ ಏನೂ ಉಳಿಯಲ್ಲ."

ಮೊದಲಕ್ಕ ಹೆಡ್‌ಫೋನನ್ನು ಆ ಕಿವಿಯ ಮೇಲೆ ಸರಿಸಿಕೊಂಡಳು. ಕೇಳದವಳ ಹಾಗೆ ತಲೆಯಾಡಿಸುತ್ತ ಪೆಟ್ಟಿಗೆಗೆ ಕೈಹಾಕಿದಳು. ಕೈಗೆ ಬಂದದ್ದು ನೀಲಿ ಲೇಬಲ್ಲು. ಕೈಗೆ ಬಂದದ್ದು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಆದರೆ ಪೆಟ್ಟಿಗೆಯಲ್ಲಿ ಯಾವುದು ಎಲ್ಲಿದೆಯೆಂದು ಕಣ್ಣು ಕಟ್ಟಿದರೂ ಹೇಳಬಲ್ಲವಳು ಅವಳು. ಮಾತಿಲ್ಲದ ಆ ಹೆಂಗಸಿನ ದನಿ ಮೇಲೆದ್ದಾಗ ಹಾಲಿನಲ್ಲಿ ಕೆಲವರು ಕಣ್ಣೀರು ಹಾಕಿದರು. ಬಾರಿನವನು ಕೆಲಸ ಬಿಟ್ಟು ನಿಂತ. ಹಾಡು ಮುಗಿಯುವಾಗ ಎದ್ದ ಚಪ್ಪಾಳೆ ಅವಳ ಜೀವಮಾನದಲ್ಲೇ ಮೊದಲನೆಯದು. ಆಗ ಅವಳು ಪಕ್ಕಕ್ಕೆ ನೋಡಿದಳು. ಪುಟ್ಟಿ ತನ್ನ ಪೆನ್‌ಡ್ರೈವ್ ಹಿಡಿದುಕೊಂಡು, ಬಸ್ಸು ತಪ್ಪಿದವಳ ಹಾಗೆ ನಿಂತಿದ್ದಳು.

ಕಿಡಿಯ ಆಟ ಶುರುವಾಯಿತು. ಹುಡುಗಿ ತಪ್ಪೇನೂ ಮಾಡಲಿಲ್ಲ. ಆದರೆ ಉಂಡು ಕೈತೊಳೆದವರ ಮುಂದೆ ಎಂಥ ಎಲೆ ಹಾಕಿದರೇನು? ಜನ ಬೆವರು ಒರೆಸಿಕೊಂಡು ಅಂಗಳಕ್ಕೆ ಹೋದರು, ನೀರು ಕುಡಿದರು, ಗೋಡೆಗೊರಗಿ ಹರಟಿದರು. ನಡುವೆ ಖಾಲಿ ನೆಲ ಅಲ್ಲಲ್ಲಿ ಕಾಣಿಸತೊಡಗಿತು. ಅಂಗಳದಲ್ಲಿ ದೊಡ್ಡ ಕ್ಲಬ್ಬಿನ ಹೆಂಗಸು ನೇರ ಮೊದಲಕ್ಕನ ಹತ್ತಿರವೇ ಬಂದಳು.

"ನಿಮ್ಮ ವಿಷಯ ನಮಗೆ ಯಾರೂ ಹೇಳೇ ಇರಲಿಲ್ಲವಲ್ಲ. ನಮ್ಮಲ್ಲಿಗೆ ಬಂದು ಒಂದು ದಿನ ಹಾಕ್ತೀರಾ?"

"ನೀವು ನೋಡೋಕೆ ಬಂದಿದ್ದು ಕಿಡಿನ ಅಲ್ವಾ?"

"ಹೌದು. ಆ ಹುಡುಗಿ ಇನ್ನೂ ಮಾಗಬೇಕು ಬಿಡಿ" ಎಂದಳು ಆಕೆ.

ಮೊದಲಕ್ಕ ಅಲ್ಲೇ ಹೇಳಬಹುದಿತ್ತು: ಅವಳಿಗೆ ಉಳಿಯಬೇಕಿದ್ದ ಕಾವನ್ನೆಲ್ಲ ನಾನೇ ಖರ್ಚು ಮಾಡಿದ್ದು, ಇನ್ನೊಂದು ದಿನ ಬಂದು ಕೇಳಿ ಎಂದು. ಅಷ್ಟರಲ್ಲಿ ಯಾರೋ ಅವಳ ಕೈಕುಲುಕಿ ಅಭಿನಂದಿಸಿದರು, ಅವಳು ಅವರ ಕಡೆ ತಿರುಗಿ ನಕ್ಕಳು.

ಆ ವಾರ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಪುಟ್ಟಿ ಕೆಳಗೇ ಉಂಡು, ಕೆಳಗೇ ಮಲಗಿ, ಕನ್ನಡಕದ ಅಂಗಡಿಗೆ ಹೋಗಿಬರುತ್ತಿದ್ದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಲಿಲ್ಲ. ಲ್ಯಾಬಿನಲ್ಲಿ ಮೊದಲಕ್ಕ ಮುದುಕರೊಬ್ಬರಿಗೆ ಮೇಲಿನ ಹಲ್ಲು ಒಂದು ಬಣ್ಣ, ಕೆಳಗಿನದು ಇನ್ನೊಂದು ಬಣ್ಣದಲ್ಲಿ ಮಾಡಿ ಕಳಿಸಿದಳು. ಡಾಕ್ಟರು ಫೋನು ಮಾಡಿ, "ಯಾಕಮ್ಮಾ, ಅವರು ನಕ್ಕರೆ ಇಬ್ಬರು ನಕ್ಕ ಹಾಗಿದೆ" ಎಂದರು. ದೊಡ್ಡ ಕ್ಲಬ್ಬಿಗೆ ಅವಳು ಬರಲಾಗುವುದಿಲ್ಲ ಎಂದು ತಿಳಿಸಿದಳು. ಕಿಡಿಯನ್ನು ಕರೆಯಿರಿ ಎಂದೂ ಸೇರಿಸಿದಳು. ನೋಡೋಣ ಎಂಬ ಉತ್ತರ ಬಂತು. ಅಷ್ಟೇ. ತಾನು ಬಿಟ್ಟುಕೊಟ್ಟರೆ ಅದು ಪುಟ್ಟಿಯ ಮಡಿಲಿಗೆ ಬೀಳುತ್ತದೆ ಎಂದುಕೊಂಡಿದ್ದಳು. ಅದು ಯಾರಿಗೂ ಸಿಗದೆ ಹೋಯಿತು.

ಕೊನೆಗೆ ಅಕ್ಕನ ಮಂಡಿಗೆ ಎಣ್ಣೆ ತಿಕ್ಕುತ್ತ ಎಲ್ಲ ಹೇಳಿದಳು. ಅಕ್ಕನಿಗೆ ಈ ಸಂಗೀತದ ತಲೆಬುಡ ತಿಳಿಯದು. ಅವಳು ಕೇಳಿದ್ದು ಒಂದೇ.

"ಅವಳು ಇಳಿಸು ಅಂದಿದ್ದು ನಿನಗೆ ಕೇಳಿಸ್ತಾ, ಇಲ್ವಾ?"

"ಕೇಳಿಸ್ತು."

ಅಕ್ಕ ಸೀರೆ ಕೆಳಗೆಳೆದುಕೊಂಡು ಕಾಲು ಮಡಚಿದಳು. "ಮತ್ತೆ ನನ್ನ ಹತ್ರ ಯಾಕೆ ಹೇಳ್ತೀಯ? ಹೋಗು, ಅವಳಿಗೆ ಹೇಳು."

ಪುಟ್ಟಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೊದಲಕ್ಕ ಒಂದು ಬಟ್ಟೆ ತೆಗೆದುಕೊಂಡು ತೊಳೆದದ್ದನ್ನು ಒರೆಸತೊಡಗಿದಳು.

"ಬೇಕಂತಲೇ ಮಾಡಿದೆ ಪುಟ್ಟಿ. ಮೊದಲು ಇಲ್ಲ. ಆಮೇಲೆ ಬೇಕಂತಲೇ."

"ಗೊತ್ತು." ಹುಡುಗಿ ತಿರುಗಲಿಲ್ಲ. "ನೀನು ಹಾಕಿದ್ದು ಚೆನ್ನಾಗಿತ್ತು ಚಿಕ್ಕಮ್ಮ. ಅದೇ ನನಗೆ ಕಷ್ಟ. ಕೆಟ್ಟದಾಗಿ ಹಾಕಿದ್ದಿದ್ರೆ ಬಾಯಿಗೆ ಬಂದ ಹಾಗೆ ಬೈದು ಮರೆತುಬಿಡ್ತಿದ್ದೆ."

ನಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು. ಪುಟ್ಟಿ ಅದನ್ನು ನಿಲ್ಲಿಸಿ, ಕೈ ಒರೆಸಿಕೊಂಡಳು.

"ನಿನಗೆ ಅಷ್ಟು ಆಸೆ ಇತ್ತು ಅಂತ ಒಂದು ದಿನಾನೂ ಹೇಳಲಿಲ್ಲವಲ್ಲ. ಹೇಳಿದ್ರೆ ನಾನೇ ಮಾಲೀಕರ ಹತ್ರ ಜಗಳ ಆಡ್ತಿದ್ದೆ. ಈ ಭಾನುವಾರ ಮೊದಲು ನಾನು ಹಾಕ್ತೀನಿ. ಆಮೇಲೆ ನೀನು. ಅವರ ಹತ್ರ ಮಾತಾಡಿ ಆಯ್ತು."

"ಬೇಡ ಕಣೇ."

"ನಿನ್ನ ಕೇಳ್ತಾ ಇಲ್ಲ."

ಮೊದಲಕ್ಕ ಆ ಭಾನುವಾರ ಹೆದರಿದಷ್ಟು ಹಿಂದೆಂದೂ ಹೆದರಿರಲಿಲ್ಲ. ತಾನು ಮಾಡಿದ್ದನ್ನೇ ಹುಡುಗಿ ತಿರುಗಿ ಮಾಡಲಿ, ಲೆಕ್ಕ ಚುಕ್ತಾ ಆಗಲಿ ಎಂದು ಒಂದು ಮನಸ್ಸು ಬೇಡಿಕೊಂಡಿತು. ಪುಟ್ಟಿ ಹಾಗೆ ಮಾಡಲಿಲ್ಲ. ಜನ ಅವಳ ಹೆಸರು ಕೂಗಿದರು, ಅವಳ ಹಾಡೇ ಬೇಕೆಂದರು. ಅವಳು ತಲೆ ಎತ್ತಲಿಲ್ಲ. ತಗ್ಗಿದ ಬೇಸು, ಆತುರವಿಲ್ಲದ ತಾಳ. ಏರಿಸುವ ಹಾಗೆ ಮಾಡಿ ಏರಿಸದೆ ಬಿಟ್ಟಳು. ಜನರನ್ನು ಅಂಚಿನವರೆಗೆ ಕರೆತಂದು ನಿಲ್ಲಿಸಿದಳು. ಹಾಗೆ ತಡೆಯುವುದು ಎಷ್ಟು ಕಷ್ಟವೆಂದು ಆ ಹಾಲಿನಲ್ಲಿ ಬಲ್ಲವಳು ಒಬ್ಬಳೇ. ಕೊನೆಯ ತಾಳ ನಡೆಯುತ್ತಿರುವಾಗಲೇ ಹುಡುಗಿ ಹೆಡ್‌ಫೋನು ತೆಗೆದು ಚಿಕ್ಕಮ್ಮನ ಕೈಗಿತ್ತು ಕೆಳಗಿಳಿದಳು.

ಮೊದಲಕ್ಕನ ಮೊದಲ ಜೋಡಣೆಯೇ ಎಡವಿ, ಎರಡು ತಾಳ ಒಂದಕ್ಕೊಂದು ತಾಗಿ ಕುದುರೆ ಮುಗ್ಗರಿಸಿದ ಹಾಗಾಯಿತು. ಜನ ಕ್ಷಮಿಸಿದರು. ಆಮೇಲೆ ದಾರಿಗೆ ಬಂದಳು. ಆಟ ಕೆಟ್ಟದಾಗಲಿಲ್ಲ, ಹಿಂದಿನ ವಾರದ ಹಾಗೆಯೂ ಆಗಲಿಲ್ಲ. ಬಿಸಿಲು ಚಾವಣಿಯಿಂದ ಸರಿದು ಗೋಡೆಗೆ ಹೋಗುವವರೆಗೆ ಹಾಕಿದಳು. ಅಷ್ಟು ಹೊತ್ತೂ ಪುಟ್ಟಿ ಎಲ್ಲಿದ್ದಾಳೆಂದು ಹುಡುಕುತ್ತಿದ್ದಳು. ಹುಡುಗಿ ಹಿಂದಿನ ಗೋಡೆಗೊರಗಿ ಪೂರ್ತಿ ಕೇಳಿದಳು. ಕುಣಿಯಲಿಲ್ಲ.

ಮಳೆಗಾಲ ಮುಗಿಯುವ ಮುಂಚೆ ಪುಟ್ಟಿ ಬೇರೆ ಊರಿಗೆ ಹೋದಳು. ಅಲ್ಲೂ ಕನ್ನಡಕದ ಅಂಗಡಿಯ ಕೆಲಸ, ಸಣ್ಣ ಕ್ಲಬ್ಬುಗಳಲ್ಲಿ ಖಾಲಿ ಹಾಲಿಗೆ ಮೊದಲು ಹಾಕುವ ಆಟ. ಹೋಗುವ ದಿನ ಅವಳು ಚಿಕ್ಕಮ್ಮನ ಕಾಲು ಮುಟ್ಟಲು ಬಗ್ಗಿದಾಗ ಮೊದಲಕ್ಕ ತಡೆದು, ನೀಲಿ ಲೇಬಲ್ಲಿನ ರೆಕಾರ್ಡು ಚೀಲಕ್ಕೆ ಹಾಕಲು ಹೋದಳು. "ಇದು ಬೇಡ, ಇಟ್ಕೋ" ಎಂದಳು ಪುಟ್ಟಿ. ಕೋಪದಿಂದಲ್ಲ. ಅದು ಈಗ ತನಗೆ ಬೇರೆ ಥರ ಕೇಳಿಸುತ್ತದೆ ಎಂದಳು.

ಮೊದಲಕ್ಕ ಕೆಲವು ತಿಂಗಳು ಐಸ್ ಮನೆಯ ಕಡೆ ಸುಳಿಯಲಿಲ್ಲ. ಮಾಲೀಕ ಮುಖ್ಯ ಆಟ ಕೊಡುತ್ತೇನೆಂದು ಎರಡು ಸಲ ಕರೆದ. ಅವಳು ಮರಳಿ ಹೋದದ್ದು ಮೊದಲಿನ ಜಾಗಕ್ಕೇ. ಒರೆಸಿದ ನೆಲ ಇನ್ನೂ ಆರದ ಹೊತ್ತಿಗೆ ಹೋಗುತ್ತಾಳೆ, ಜನ ಬಂದಾಗ ಇಳಿದು ಮನೆಗೆ ಬರುತ್ತಾಳೆ. ಕಿಡಿಗೆ ಕಲಿಸಿದ್ದು ನೀವಂತೆ ಎಂದು ಯಾರಾದರೂ ಕೇಳಿದರೆ, ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲಷ್ಟೇ ಹೌದೆನ್ನುತ್ತಾಳೆ.

ಪುಟ್ಟಿ ಭಾನುವಾರ ಸಂಜೆ ಅಮ್ಮನಿಗೆ ಫೋನು ಮಾಡುತ್ತಾಳೆ. ಮಂಡಿ, ಮಾತ್ರೆ, ಮನೆ ಸೋರುವುದು, ಎಲ್ಲ ಮಾತಾಗಿ ಮುಗಿದ ಮೇಲೆ ಅಕ್ಕ ಮೆಟ್ಟಿಲ ಕೆಳಗೆ ನಿಂತು, "ಚಿಕ್ಕಮ್ಮ ಇದ್ದಾಳಾ ಅಂತ ಕೇಳ್ತಿದ್ದಾಳೆ, ಬರ್ತೀಯಾ?" ಎಂದು ಕೂಗುತ್ತಾಳೆ. ಕೆಲವು ವಾರ ಹುಡುಗಿ ಕೇಳುವುದಿಲ್ಲ, ಅಕ್ಕನೂ ಕೂಗುವುದಿಲ್ಲ. ಆ ಹೊತ್ತಿಗೆ ಮೊದಲಕ್ಕ ಮಹಡಿಯ ಕೋಣೆಯಲ್ಲಿ ಯಾವ ರೆಕಾರ್ಡನ್ನೂ ಹಾಕದೆ, ಬಾಗಿಲು ತೆರೆದಿಟ್ಟು ಕೂತಿರುತ್ತಾಳೆ.