ಫೇಲಾದವರ ಮನೆಗೆ ಲೆಕ್ಕದ ಮೇಷ್ಟ್ರು

ಊರೂರುಗಳಿಂದ ದುಡಿಯಲು ಬಂದವರ ಮಕ್ಕಳೇ ತುಂಬಿದ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಬೆಂಚಿಗೊಂದು ಮನೆಮಾತು. ಲೆಕ್ಕದ ಮೇಷ್ಟ್ರು ಕೈ, ಹುಬ್ಬು, ಮೀಸೆ ಎಲ್ಲವನ್ನೂ ಕುಣಿಸಿ ತ್ರಿಕೋನ ಕಲಿಸುತ್ತಾರೆ. "ನಿಮ್ಮಿಂದ ಶಾಲೆ ಮಾನ ಮೂರು ಕಾಸಿಗೆ ಹೋಗುತ್ತೆ ಕಣ್ರೋ!" ಎಂದು ದಿನಕ್ಕೊಮ್ಮೆ ಗುಡುಗದಿದ್ದರೆ ಅವರಿಗೆ ಊಟ ಸೇರದು. ರಿಸಲ್ಟಿನ ದಿನ ಮಾತ್ರ ಪಾಸಾದವರ ಕೈಗೆ ಸಿಗುವುದಿಲ್ಲ. ಫೇಲಾದವರ ಮನೆ ಹುಡುಕಿಕೊಂಡು ಹೊರಟಿರುತ್ತಾರೆ. ಈ ಸಲ ಗಾರೆ ಕೆಲಸದವನೊಬ್ಬ, "ಓದಿದ್ದು ಸಾಕು, ನಾಳೆಯಿಂದ ಕೆಲಸಕ್ಕೆ ಬಾ" ಎಂದು ಮಗಳ ಮೇಲೆ ಕೈಯೆತ್ತಿದ್ದ. ಮೇಷ್ಟ್ರು ನಡುವೆ ಹೋಗಿ ನಿಂತರು. "ಇವಳು ನಮ್ಮ ಭಾಷೆ ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಗಿಲ್ಲಪ್ಪ. ಇವಳ ಭಾಷೆ ನಾನು ಕಲಿತೇ ಇಲ್ಲ. ನೀನೇ ಹೇಳು, ಫೇಲಾಗಿದ್ದು ಯಾರು?" ಅಪ್ಪನ ಕೈ ಇಳಿಯಿತು. ಅವನು ಕೇಳಿದ: "ನಾಳೆ ಪಾಠಕ್ಕೆ ಎಷ್ಟೊತ್ತಿಗೆ ಕಳಿಸ್ಲಿ, ಮೇಷ್ಟ್ರೇ?"